ಲೇಖನಕ್ಕೆ ಎಷ್ಟು ಚಿತ್ರ ಹಾಕಬೇಕು, ವಿಡಿಯೊ ಇದ್ದರೆ ಜನ ಜಾಸ್ತಿ ಓದುತ್ತಾರಾ?

ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ನಾನೊಂದು ಲೇಖನ ಕೆಡಿಸಿದೆ.

ಮಕ್ಕಳಿಗೆ ಭೇದಿಯಾದಾಗ ಮನೆಯಲ್ಲೇ ಸಕ್ಕರೆ-ಉಪ್ಪಿನ ನೀರು ಮಾಡುವುದು ಹೇಗೆ ಅನ್ನೋ ಲೇಖನ. ಅಳತೆ ಇಷ್ಟೇ: 1 ಲೀಟರ್ ಶುದ್ಧ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸುಮ್ನೆ ಮೂರು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಚೆನ್ನಾಗಿ ಕಾಣಲಿ ಅಂತ ಪೋಸ್ಟರ್ ಮಾಡಿದೆ. ತಿಳಿ ಹಳದಿ ಹಿನ್ನೆಲೆ, ಬಿಳಿ ಅಕ್ಷರ, ಉಪ್ಪಿನ ಮುಂದೆ ‘½’. ಅಳತೆ ಇದ್ದದ್ದು ಆ ಚಿತ್ರದೊಳಗೆ ಮಾತ್ರ.

ಮೂರನೇ ದಿನ ಒಬ್ಬ ತಾಯಿ ಕೇಳಿದರು: “ಉಪ್ಪು 2 ಚಮಚ ಅಂತಿದೆ, ಜಾಸ್ತಿ ಆಗಲ್ವಾ?” ಎದೆ ಧಸಕ್ಕೆಂದಿತು. ಅಷ್ಟು ಉಪ್ಪು ಮಗುವಿನ ಜೀವಕ್ಕೇ ಅಪಾಯ.

ಆಗಿದ್ದೇನು ಅಂದರೆ, ಚಿತ್ರದ ಅಗಲ 1200 ಪಿಕ್ಸೆಲ್. ಫೋನಿನ ಪರದೆಯಲ್ಲಿ ಅದಕ್ಕೆ ಸಿಕ್ಕ ಜಾಗ 360. ನಾನು 40 ಪಿಕ್ಸೆಲ್‌ನಲ್ಲಿ ಬರೆದ ಅಕ್ಷರ ಅಲ್ಲಿ 12ಕ್ಕೆ ಇಳಿಯಿತು. ‘½’ರೊಳಗಿನ ಅಂಕಿಗಳು ಅದರಲ್ಲೂ ಅರ್ಧ. ಹಳದಿ ಮೇಲೆ ಬಿಳಿ ಬೇರೆ. ಮೇಲಿನ ಒಂದು, ನಡುವಿನ ಗೆರೆ ಎರಡೂ ಮಸುಕಾಗಿ, ಕೆಳಗಿನ 2 ಮಾತ್ರ ಕಂಡಿದೆ. ಬೆರಳಿಂದ ಹಿಗ್ಗಿಸಿ ನೋಡಬಹುದಿತ್ತಲ್ಲ ಅಂತೀರಾ? ತೊಡೆ ಮೇಲೆ ಮಗು ಅಳುತ್ತಿರುವಾಗ ಯಾರಿಗೆ ಅಷ್ಟು ಪುರುಸೊತ್ತು? ನಾನು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನೋಡಿ ಪ್ರಕಟಿಸಿದ್ದೆ. ತಪ್ಪು ಪೂರ್ತಿ ನನ್ನದು.

ಅದೇ ವಾರ, ಕಣ್ಣು ಕಾಣದ ಓದುಗರೊಬ್ಬರು ಬರೆದರು. ಪರದೆ ಮೇಲಿನದ್ದನ್ನು ಗಟ್ಟಿಯಾಗಿ ಓದಿ ಹೇಳುವ ಅವರ ಸ್ಕ್ರೀನ್ ರೀಡರ್ ತಂತ್ರಾಂಶ, ಅಳತೆ ಬರಬೇಕಾದ ಜಾಗದಲ್ಲಿ ಚಿತ್ರದ ಫೈಲ್ ಹೆಸರು ಓದಿತಂತೆ. ಚಿತ್ರದಲ್ಲಿ ಏನಿದೆ ಅಂತ ಅದಕ್ಕೆ ಓದಲು ಕೊಡುವ ವಿವರಣೆ, ಅಂದರೆ ಆಲ್ಟ್ ಪಠ್ಯ, ನಾನು ಬರೆದೇ ಇರಲಿಲ್ಲ.

ಹಾಗಾಗಿ ‘ಎಷ್ಟು ಚಿತ್ರ’ ಅನ್ನೋ ಲೆಕ್ಕವೇ ಬೇಡ ಅಂತೀನಿ. ಮಾತಲ್ಲಿ ಹೇಳೋಕೆ ಒದ್ದಾಡುವ ಜಾಗ ಎಲ್ಲಿದೆ ನೋಡಿ, ಚಿತ್ರ ಅಲ್ಲಿಗೆ ಹಾಕಿ. ನನ್ನ ಲೇಖನದಲ್ಲಿ ಆ ಜಾಗ ಚಮಚ. ಗುಡ್ಡೆ ಹಾಕಿ ತುಂಬಿದರೆ ಅಳತೆ ಕೆಡುತ್ತದೆ, ಅಂಚಿನ ಮಟ್ಟಕ್ಕೇ ಇರಬೇಕು. ಇದನ್ನು ಎರಡು ಚಮಚದ ಫೋಟೊ ಒಂದೇ ನೋಟಕ್ಕೆ ಹೇಳುತ್ತದೆ. ಅಂಕಿ, ಅಳತೆ, ಎಚ್ಚರಿಕೆ ಮಾತ್ರ ಅಕ್ಷರದಲ್ಲೇ ಇರಲಿ. ಬಣ್ಣದ ಮೇಲೆ ಅಕ್ಷರ ಹಾಕಲೇಬೇಕಾದರೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸ) 4.5:1ಕ್ಕಿಂತ ಕಡಿಮೆ ಆಗದಿರಲಿ, ವೆಬ್ ಪುಟಗಳನ್ನು ಎಲ್ಲರೂ ಬಳಸುವಂತೆ ಮಾಡಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ ಹೇಳೋದೂ ಅದನ್ನೇ. ಫೋನಿಂದ ತೆಗೆದ ದೊಡ್ಡ ಫೋಟೊವನ್ನು ಹಾಗೇ ಏರಿಸಬೇಡಿ. ಚಿಕ್ಕದು ಮಾಡಿ, ಕೋಡ್‌ನಲ್ಲಿ ಅಗಲ-ಎತ್ತರ ಕೊಡಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು, ಓದುತ್ತಿದ್ದ ಸಾಲನ್ನು ಕೆಳಗೆ ತಳ್ಳುತ್ತದೆ.

ವಿಡಿಯೊ? ಕೈ ಚಲನೆ ತೋರಿಸುವುದಿದ್ದರೆ ಹಾಕಿ. ತಾನಾಗೇ ಶುರುವಾಗಿ ಸದ್ದು ಮಾಡಬಾರದು, ಸಬ್‌ಟೈಟಲ್ ಇರಲೇಬೇಕು.

ಆ ಪೋಸ್ಟರ್ ತೆಗೆದು ಹಾಕಿದೆ. ಅಳತೆ ಈಗ ದಪ್ಪ ಅಕ್ಷರದ ಮೂರು ಸಾಲು, ‘½’ ಬದಲು ‘ಅರ್ಧ’ ಅಂತಲೇ ಇದೆ. ಕೆಳಗೆ ಚಮಚದ ಫೋಟೊ. ಅದರ ಆಲ್ಟ್ ಪಠ್ಯ: “ಎಡಗಡೆ ಸಕ್ಕರೆ ಚಮಚದ ಅಂಚಿಗೆ ಸಮನಾಗಿದೆ, ಇದು ಸರಿ. ಬಲಗಡೆ ಗುಡ್ಡೆಯಾಗಿದೆ, ಇದು ಜಾಸ್ತಿ.”