ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಿಲ್ಡಿಂಗ್ ಒಡೆದರೆ ಡೆಬ್ರಿಸ್ ಎಲ್ಲಿಗೆ?

ಪ್ರಶ್ನೆ: ನಮ್ಮದು 48 ಮನೆಗಳ ಹಳೆ ಸೊಸೈಟಿ, ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಡೆಬ್ರಿಸ್ (ಒಡೆದ ಕಟ್ಟಡದ ಅವಶೇಷ) ಬಗ್ಗೆ ಕೇಳಿದರೆ ಬಿಲ್ಡರ್ ‘ಅದು ನಮ್ಮ ತಲೆನೋವು, ನೀವು ಬಿಡಿ’ ಅನ್ನುತ್ತಾರೆ. ಕಮಿಟಿ ಏನಾದರೂ ಬರೆಸಿಕೊಳ್ಳಬೇಕೇ?
– ಓದುಗರು, ಮುಲುಂಡ್ ಪೂರ್ವ

ಉತ್ತರ: ಬರೆಸಿಕೊಳ್ಳಲೇಬೇಕು, ಅದೂ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ. ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ ಕಮಿಟಿಯ ಮಾತು ಯಾರೂ ಕೇಳುವುದಿಲ್ಲ.

ಮೊದಲು ಲೆಕ್ಕ ಹಾಕಿ. ಪಕ್ಕಾ ಕಟ್ಟಡ ಒಡೆದಾಗ ಚದರ ಮೀಟರಿಗೆ ಸುಮಾರು 300ರಿಂದ 500 ಕಿಲೋ ಡೆಬ್ರಿಸ್ ಬರುತ್ತದೆ. ನಿಮ್ಮ ಬಿಲ್ಟ್‌ಅಪ್ 3,000 ಚದರ ಮೀಟರ್ ಎಂದುಕೊಂಡರೆ ಹತ್ತಿರಹತ್ತಿರ 1,200 ಟನ್. 15 ಟನ್ನಿನ ಡಂಪರಿಗೆ 80 ಖೇಪು (ಸುತ್ತು). ಆದರೆ ಎಲ್ಲರೂ ಮರೆಯುವುದು ಮಣ್ಣನ್ನು. 1,200 ಚದರ ಮೀಟರ್ ಜಾಗದಲ್ಲಿ 4 ಮೀಟರ್ ಆಳ ಬೇಸ್‌ಮೆಂಟ್ ಅಗೆದರೆ 4,800 ಘನ ಮೀಟರ್ ಮಣ್ಣು ಏಳುತ್ತದೆ. ಅಂದರೆ 8,000 ಟನ್ನಿಗೂ ಮೇಲೆ, 500ಕ್ಕೂ ಹೆಚ್ಚು ಖೇಪು. ಅಗ್ರಿಮೆಂಟಿನಲ್ಲಿ ‘ಡೆಬ್ರಿಸ್’ ಎಂದಷ್ಟೇ ಇದ್ದರೆ ಈ ಮಣ್ಣಿಗೆ ಜವಾಬ್ದಾರರೇ ಇರುವುದಿಲ್ಲ. ‘ಮಣ್ಣು’ ಎಂದು ಬೇರೆಯಾಗಿ ಬರೆಸಿ.

2016ರ ಕೇಂದ್ರ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ದಾಟುವವರು ಪಾಲಿಕೆಯಿಂದ ಮೊದಲೇ ಯೋಜನೆಗೆ ಮಂಜೂರಿ ಪಡೆಯಬೇಕು, ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಎಂದು ಬೇರ್ಪಡಿಸಬೇಕು ಎಂದವು. 2025ರ ಹೊಸ ನಿಯಮಗಳು ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಮಂಜೂರಾದ ಯೋಜನೆಯ ಒಂದು ನಕಲು ಸೊಸೈಟಿಯ ಫೈಲಿನಲ್ಲಿರಲಿ.

ಒಡೆಯುವ ಕ್ರಮವನ್ನೂ ಬರೆಸಿ: ಮೊದಲು ಬಾಗಿಲು, ಕಿಟಕಿ, ವೈರಿಂಗ್, ಪೈಪು, ಆಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗು, ನಂತರ ಗೋಡೆ, ಕೊನೆಗೆ ಸ್ಲ್ಯಾಬು. ಪಿಒಪಿ ಬೇರೆ ಮಾಡಲು ಕಾರಣವಿದೆ. ಅದರಲ್ಲಿರುವ ಸಲ್ಫೇಟ್ ಪುಡಿ ಮಾಡಿದ ಕಾಂಕ್ರೀಟಿನಲ್ಲಿ ಉಳಿದರೆ ಅದರಿಂದ ಮಾಡಿದ ಪೇವರ್ ಬ್ಲಾಕ್ ಉಬ್ಬಿ ಬಿರಿಯುತ್ತದೆ. ಹಸಿ ಕಸದ ಜೊತೆ ಗುಡ್ಡೆಯಡಿ ಹೂತರೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಟೆರೇಸಿನ ಹಳೆ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಸ್ ಇರುವ ಸಾಧ್ಯತೆ ಹೆಚ್ಚು. ಅದನ್ನು ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಬಿಚ್ಚಿ, ಪ್ಲಾಸ್ಟಿಕ್ ಸುತ್ತಿ ಅಪಾಯಕಾರಿ ತ್ಯಾಜ್ಯವೆಂದೇ ಬೇರೆ ಸಾಗಿಸಬೇಕು.

ಮುಂಬೈ ಪಾಲಿಕೆಯ ಡೆಬ್ರಿಸ್ ಘಟಕಗಳಿರುವುದು ಶಿಳ್‌ಫಾಟಾ ಬಳಿಯ ಡಾಯಘರ್‌ನಲ್ಲಿ ಮತ್ತು ದಹಿಸರ್‌ನಲ್ಲಿ. ಪ್ರತಿ ಖೇಪಿಗೂ ಅಲ್ಲಿಯ ತೂಕದ ಚೀಟಿಯ ನಕಲು ವಾರಕ್ಕೊಮ್ಮೆ ಸೊಸೈಟಿಗೆ ಬರಬೇಕು ಎಂಬ ಷರತ್ತು ಹಾಕಿ. ಗೇಟಿನ ವಾಚ್‌ಮನ್ ಡಂಪರ್ ನಂಬರ್, ಹೋದ ಹೊತ್ತು, ಬಂದ ಹೊತ್ತು ಬರೆಯಲಿ. ಮುಲುಂಡಿನಿಂದ ಡಾಯಘರ್‌ಗೆ ಹೋಗಿ, ತೂಕ ಹಾಕಿಸಿ, ಸುರಿದು ಅರ್ಧ ಗಂಟೆಯಲ್ಲಿ ಹಿಂತಿರುಗಲು ಆಗದು. ಅಷ್ಟು ಬೇಗ ಬಂದ ಡಂಪರ್ ಖಾಡಿಯ (ಸಮುದ್ರದ ಹಿನ್ನೀರಿನ) ದಂಡೆಗೆ ಹೋಗಿರುತ್ತದೆ, ಚೀಟಿ ಏನೇ ಹೇಳಲಿ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರಾಟದ ಬೇರು ಮುಚ್ಚಿಹೋಗಿ ಗಿಡ ನಿಂತಲ್ಲೇ ಒಣಗುತ್ತದೆ.

ಪ್ರಶ್ನೆ: 120 ಫ್ಲ್ಯಾಟಿನ ಹೊಸ ಕಾಂಪ್ಲೆಕ್ಸ್. ಬಿಲ್ಡರ್ ಕೊಟ್ಟ ಹಸಿ ಕಸದ ಮಷೀನು ‘24 ಗಂಟೆಯಲ್ಲಿ ಗೊಬ್ಬರ’ ಎನ್ನುತ್ತದೆ, ಆದರೆ ಕುಂಡಕ್ಕೆ ಹಾಕಿದರೆ ಗಬ್ಬು ನಾತ, ಹುಳ. ಬಂದ್ ಮಾಡೋಣವೇ?
– ಓದುಗರು, ಬಾಣೇರ್, ಪುಣೆ

ಉತ್ತರ: ಬಂದ್ ಮಾಡಬೇಡಿ, ಅದರಿಂದ ಬರುವುದನ್ನು ಗೊಬ್ಬರವೆಂದು ನಂಬಬೇಡಿ ಅಷ್ಟೆ. ಅದು ಒಣಗಿದ ಊಟ. ನೀರು ಬಿದ್ದೊಡನೆ ಮತ್ತೆ ಕೊಳೆಯುತ್ತದೆ.

ಮನೆಗೆ ಕಿಲೋ ಲೆಕ್ಕದಲ್ಲಿ ನಿಮ್ಮಲ್ಲಿ ದಿನಕ್ಕೆ ಸುಮಾರು 120 ಕಿಲೋ ಹಸಿ ಕಸ. ಮಷೀನಿನಲ್ಲಿ ಪುಡಿ ಮಾತ್ರ ಮಾಡಿಸಿ. ಎರಡು ಬುಟ್ಟಿ ಹಸಿ ಕಸಕ್ಕೆ ಒಂದು ಬುಟ್ಟಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ, ತೂತಿರುವ ಕ್ರೇಟಿನಲ್ಲಿ 30 ದಿನ ಇಡಿ, ಮೂರು ದಿನಕ್ಕೊಮ್ಮೆ ಮಗುಚಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಒಣ ಎಲೆ ಸಾಲದು, ಗಾಳಿಯಾಡದೆ ಹುಳಿ ನಾತ ಬರುತ್ತದೆ. ಹಿಡಿ ಉಂಡೆಯಾಗದೆ ಉದುರಿದರೆ ನೀರು ಚಿಮುಕಿಸಿ. ನಡುಭಾಗ 55 ಡಿಗ್ರಿ ಮುಟ್ಟಬೇಕು, ಇಲ್ಲದಿದ್ದರೆ ನೊಣದ ಮರಿ ಸಾಯುವುದಿಲ್ಲ. ತೆಂಗಿನ ಕರಟ, ಮಾವಿನ ಗೊರಟೆ ಮಷೀನಿಗೆ ಬೇಡ, ಬ್ಲೇಡ್ ಹೋಗುತ್ತದೆ. ಕರಾವಳಿಯವರ ಅಡುಗೆಮನೆ ಇರುವ ಕಟ್ಟಡದಲ್ಲಿ ಈ ಮಾತನ್ನು ಲಿಫ್ಟಿನಲ್ಲೇ ಬರೆದು ಅಂಟಿಸಬೇಕು!

ಕ್ರೇಟಿಗೆ 25ರಿಂದ 30 ಚದರ ಮೀಟರ್ ಜಾಗ, ನೆಲದಲ್ಲಿ ಡ್ರೇನು, ಎಕ್ಸಾಸ್ಟ್ ಫ್ಯಾನು ಬೇಕು. ಬೇಸ್‌ಮೆಂಟಿನ ಪಂಪ್ ರೂಮಿನ ಮೂಲೆ ಸಾಲದು. ಒಣ ಕಸ ಪುಣೆಯ ಕಸ ಆಯುವವರದೇ ಸಂಸ್ಥೆಯಾದ ಸ್ವಚ್ಛ್ ಸಹಕಾರಿಯ ಕೆಲಸಗಾರರಿಗೆ ಹೋಗಲಿ. ಅದನ್ನು ಮಾರಿ ಬರುವ ದುಡ್ಡು ಅವರ ಸಂಪಾದನೆ, ಸೊಸೈಟಿ ಅದಕ್ಕೆ ಕೈ ಹಾಕಬಾರದು.

ಪ್ರಶ್ನೆ: ದೇವನಾರ್ ಡಂಪಿಂಗ್ ಗ್ರೌಂಡಿನಿಂದ ಸ್ವಲ್ಪ ದೂರದಲ್ಲಿ ಹೊಸ ಟವರಿನಲ್ಲಿ ಫ್ಲ್ಯಾಟ್ ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು?
– ಓದುಗರು, ಚೆಂಬೂರ್

ಉತ್ತರ: ದೇವನಾರಿಗೆ 1927ರಿಂದ ಕಸ ಬಿದ್ದಿದೆ. 2016ರ ಜನವರಿಯ ಬೆಂಕಿಯ ಹೊಗೆ ನೆನಪಿರಬಹುದು. ಮರುತಿಂಗಳು ಬಾಂಬೆ ಹೈಕೋರ್ಟ್ ಕಸದ ವ್ಯವಸ್ಥೆ ಸರಿಯಾಗುವವರೆಗೆ ನಗರದಲ್ಲಿ ಹೊಸ ಕಟ್ಟಡಗಳ ಪರವಾನಗಿಗೇ ತಡೆ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಷರತ್ತಿನ ಮೇಲೆ ಅದನ್ನು ಸಡಿಲಿಸಿತು. ಕಸ ಬೀಳುವುದು ನಿಂತರೂ ಒಳಗೆ ಮೀಥೇನ್ ದಶಕಗಳ ಕಾಲ ಹುಟ್ಟುತ್ತಿರುತ್ತದೆ, ಗುಡ್ಡೆ ಕುಸಿಯುತ್ತಾ ಹೋಗುತ್ತದೆ.

ಬಿಲ್ಡರ್ ಮಧ್ಯಾಹ್ನ ಸೈಟ್ ತೋರಿಸುತ್ತಾರೆ. ನೀವು ಚಳಿಗಾಲದ ರಾತ್ರಿ ಒಂಬತ್ತರ ಮೇಲೆ ಹೋಗಿ. ತಂಪು ಗಾಳಿ ನೆಲಕ್ಕಂಟಿ ನಿಂತಾಗ ನಾತ, ಹೊಗೆ ಮೇಲೇಳದೆ ಕೆಳಗೇ ಹರಡುತ್ತದೆ. ಬೋರ್‌ವೆಲ್ ಇದ್ದರೆ ಅಮೋನಿಯಾ, ಕ್ಲೋರೈಡ್, ಸಿಒಡಿ (ನೀರಿನಲ್ಲಿರುವ ಕೊಳೆಯ ಅಳತೆ), ಸೀಸ ಇಷ್ಟರ ಪರೀಕ್ಷೆ ಮಾಡಿಸಿ, ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಅಮೋನಿಯಾ, ಕ್ಲೋರೈಡ್ ಎರಡೂ ಏರಿದ್ದರೆ ಕಸದ ರಸ ನೀರಿಗೆ ಇಳಿದಿರುವ ಸಂಶಯ ಬಲವಾಗುತ್ತದೆ. ಖಾಡಿ ಹತ್ತಿರವಿರುವುದರಿಂದ ಕ್ಲೋರೈಡ್ ಒಂದೇ ಏರಿದ್ದರೆ ಅದು ಸಮುದ್ರದ ಉಪ್ಪೂ ಇರಬಹುದು.