ನಷ್ಟ ಒಬ್ಬರಿಗೆ, ಸಾಲ ಇನ್ನೊಬ್ಬರಿಗೆ

ನಾನು ಆಪ್ತಸಲಹೆಗಾರ್ತಿ. ನಿದ್ದೆ ಬರುತ್ತಿಲ್ಲ ಎಂದು ಬರುವ ವಿದ್ಯಾರ್ಥಿಗಳನ್ನು ಈಚೆಗೆ ಹಣದ ಬಗ್ಗೆಯೂ ಕೇಳುತ್ತೇನೆ. ಕೇಳದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಹಾಗೆ ಬಂದವರಲ್ಲೊಬ್ಬ ಎಂ.ಕಾಂ. ವಿದ್ಯಾರ್ಥಿ, ಹಾಸ್ಟೆಲ್ ವಾಸಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಟೆಲಿಗ್ರಾಂ ಗುಂಪೊಂದರ ಸಲಹೆ ನಂಬಿ ಷೇರುಪೇಟೆಯ ಆಪ್ಷನ್ಸ್ ವಹಿವಾಟಿನಲ್ಲಿ (ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಹೂಡುವುದು) ಸೆಮಿಸ್ಟರ್ ಶುಲ್ಕ ಕಳೆದಿದ್ದ. ಅದನ್ನು ತುಂಬಲು ಆ್ಯಪ್ ಸಾಲ, ಅದನ್ನು ತೀರಿಸಲು ಮತ್ತೊಂದು.

ಎರಡನೆಯ ಭೇಟಿಯಲ್ಲಿ, "ಬೇಗ ಹಣ ವಾಪಸ್ ಬರುವ ದಾರಿ ಯಾವುದಾದರೂ ಇದೆಯೇ ಮೇಡಂ?" ಎಂದ. ಉತ್ತರಿಸದೆ ಕಾಗದ ಮುಂದಿಟ್ಟು, ಯಾರಿಗೆ ಎಷ್ಟು ಕೊಡಬೇಕು ಬರೆ ಎಂದೆ. ಮೊದಲ ಸಾಲ ಐದು ಸಾವಿರ. ಕೈಗೆ ಬಂದದ್ದು 3,200, ವಾರದೊಳಗೆ ಪೂರ್ತಿ ಐದು ಸಾವಿರ ಕಟ್ಟಬೇಕು. ಮೂರನೆಯದಕ್ಕೆ ಬರುವಾಗ ಪೆನ್ನು ಕೆಳಗಿಟ್ಟ.

"ಗುಂಪಿನವರಿಗೆ ನಷ್ಟ ಹೇಳಿದ್ದೆ, ಸಾಲ ಹೇಳಿರಲಿಲ್ಲ. ರೂಮಿನವನಿಗೆ ಸಾಲ ಹೇಳಿದ್ದೆ, ನಷ್ಟ ಹೇಳಿರಲಿಲ್ಲ. ಅಪ್ಪನಿಗೆ ಎರಡೂ ಗೊತ್ತಿಲ್ಲ."

ಹುಡುಗರು ಸಲಹೆ ಕೇಳುವುದಿಲ್ಲ ಎಂಬುದು ಸುಳ್ಳು. ಹತ್ತು ಕಡೆ ಕೇಳುತ್ತಾರೆ, ಎಲ್ಲಿ ಮಾನ ಹೋಗದೋ ಅಲ್ಲಿ ಮಾತ್ರ. ಅರ್ಧ ಲೆಕ್ಕ ಕೇಳಿದವರು ಕೊಡುವುದೂ ಅರ್ಧ ಸಲಹೆಯೇ. ಗುಂಪಿನವರು "ಇನ್ನಷ್ಟು ಹಾಕು" ಎಂದಿದ್ದರು. ರೂಮಿನವನು ಹೊಸ ಆ್ಯಪ್ ತೋರಿಸಿಕೊಟ್ಟಿದ್ದ.

ಹೊಸ ಸಾಲ ಬೇಡ, ವಹಿವಾಟಿನ ಖಾತೆ ಮುಟ್ಟಬೇಡ ಎಂದೆ. 2024ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನವನ್ನೂ ತೋರಿಸಿದೆ: ಹಿಂದಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ನಿಗದಿ ಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ಗೆ ಇಳಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡವರೇ. ಸಾಲದ ಆ್ಯಪ್‌ನವರ ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ಶುಲ್ಕಕ್ಕೆ ಕಾಲಾವಕಾಶ ಕೇಳಿ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆಸಿದೆ.

ಆಪ್ತಸಲಹೆಗಾರರಿಗೆ ಬಡ್ಡಿಯ ಉಸಾಬರಿ ಏಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ವಸೂಲಿಗಾರ ಗಂಟೆಗೊಮ್ಮೆ ಫೋನ್ ಮಾಡುತ್ತಿರುವ ಹುಡುಗನಿಗೆ ಪ್ರಾಣಾಯಾಮ ಹೇಳಿಕೊಟ್ಟು ಕಳುಹಿಸುವುದು ನನ್ನಿಂದಾಗದು. ಹೂಡಿಕೆಯ ಸಲಹೆ ನಾನು ಕೊಡುವುದಿಲ್ಲ, ಅದಕ್ಕೆ ಸೆಬಿಯ ನೋಂದಣಿ ಇರುವವರಿದ್ದಾರೆ. ಆದರೆ ಲೆಕ್ಕ ಪೂರ್ತಿ ಬಿಚ್ಚಿಸುವುದು ನನ್ನ ಕೆಲಸವೇ.

ಮನೆಯಲ್ಲಿ ಒಬ್ಬರಿಗಾದರೂ ಆ ಕಾಗದ ತೋರಿಸಲೇಬೇಕೆಂದು ಪಟ್ಟು ಹಿಡಿದೆ. ಅಪ್ಪನಿಗೇ ಎಂದು ಒತ್ತಾಯಿಸಲಿಲ್ಲ. ಅವನು ಸೋದರಮಾವನನ್ನು ಆರಿಸಿಕೊಂಡ. ಮಾವ ಬೈದರಂತೆ, ಆಮೇಲೆ ಎರಡು ಸಂಖ್ಯೆ ತಪ್ಪಾಗಿ ಕೂಡಿದ್ದನ್ನು ತಿದ್ದಿಕೊಟ್ಟರಂತೆ. ಅಪ್ಪನಿಗೆ ಯಾವಾಗ ಹೇಳಬೇಕೆಂಬುದನ್ನು ಮಾವ-ಅಳಿಯ ಸೇರಿ ತೀರ್ಮಾನಿಸುತ್ತಾರೆ.