ಐದು ವರ್ಷದ ಮಗುವಿಗೆ ಬೈಬಲ್ ಕಥೆಯಿಂದ ಕೃತಜ್ಞತೆ ಕಲಿಸುವುದು ಹೇಗೆ?

ಒಂದೇ ಕಥೆ ಸಾಕು: ಲೂಕನ ಸುವಾರ್ತೆಯ 17ನೇ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳದ್ದು. ಓದಿ ಹೇಳಬೇಡಿ, ಆಡಿಸಿ. ಯೇಸುಸ್ವಾಮಿ ಅವರನ್ನು ಯಾಜಕರ ಬಳಿಗೆ (ರೋಗ ವಾಸಿಯಾಯಿತೆಂದು ಸಾರಬೇಕಾದವರು ಅವರೇ) ಕಳುಹಿಸುತ್ತಾರೆ. ದಾರಿಯಲ್ಲೇ ಹತ್ತು ಮಂದಿಗೂ ವಾಸಿಯಾಗುತ್ತದೆ. ಕೃತಜ್ಞತೆ ಹೇಳಲು ಯೇಸುವಿನ ಬಳಿಗೆ ಹಿಂದಿರುಗಿ ಬಂದವನು ಒಬ್ಬನೇ, ಅದೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಮಗುವಿನ ಹತ್ತು ಬೆರಳು ಬಿಡಿಸಿ, ಒಂಬತ್ತನ್ನು ಮಡಚಿ, ಒಂದು ಹೆಬ್ಬೆರಳು ಮಾತ್ರ ಕುಣಿಯುತ್ತಾ ವಾಪಸ್ ಬರಲಿ.

ಗಮನಿಸಬೇಕಾದದ್ದು ಇಲ್ಲಿರುವ ಕ್ರಮ. ಅವನು ಮೊದಲು ತನಗೆ ವಾಸಿಯಾದದ್ದನ್ನು ಕಾಣುತ್ತಾನೆ, ಆಮೇಲೆ ವಾಸಿಮಾಡಿದವರತ್ತ ತಿರುಗುತ್ತಾನೆ, ಬಾಯಿ ತೆರೆಯುವುದು ಕೊನೆಗೆ. ‘ಥ್ಯಾಂಕ್ಯೂ ಹೇಳು’ ಎಂದು ಗದರುವಾಗ ನಾವು ಮೊದಲೆರಡನ್ನೂ ಹಾರಿಸಿಬಿಡುತ್ತೇವೆ. ಮಗುವಿಗೆ ಅದು ಚಾಕಲೇಟಿಗೆ ಕಟ್ಟುವ ಸುಂಕ. ‘ನೀನೂ ಆ ಒಂಬತ್ತು ಜನರ ಹಾಗೆ’ ಎಂದು ಬೈಯುವುದಂತೂ ಕಥೆಯನ್ನೇ ಕೊಲ್ಲುತ್ತದೆ.

ಅದರ ಬದಲು ಊಟದ ಹೊತ್ತಿನಲ್ಲಿ, ‘ಇವತ್ತು ನಿನಗೆ ಏನು ಸಿಕ್ಕಿತು? ಯಾರು ಕೊಟ್ಟರು?’ ಎಂದು ಕೇಳಿ. ನಮ್ಮ ಸಂಡೇ ಸ್ಕೂಲಿನಲ್ಲಿ ಒಂದು ಮಗು ಬಹಳ ಹೊತ್ತು ಯೋಚಿಸಿ ಹೇಳಿತು: ‘ಅಜ್ಜಿ ಮೀನಿನ ಮುಳ್ಳು ತೆಗೆದುಕೊಟ್ಟರು.’